ಕಪ್ಪು ಪರದೆಯ ಹಿಂದೆ

ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ ಸ್ಕ್ರೀನ್ ಕಪ್ಪಾಗುತ್ತೆ. ಹೆಚ್ಚಿನ ಸಲ ಕಂಪ್ಯೂಟರ್ ಸತ್ತಿರಲ್ಲ, ಮುಖ ತೋರಿಸ್ತಿಲ್ಲ ಅಷ್ಟೇ.

ಅವತ್ತು ರಾತ್ರಿ ಅಪ್‌ಡೇಟ್ ಮುಗಿದು ರೀಸ್ಟಾರ್ಟ್ ಆದದ್ದೇ ತಡ, ಬರೀ ಕಪ್ಪು. ಬೆಳಿಗ್ಗೆ 9ಕ್ಕೆ ಕ್ಲೈಂಟ್ ಡೆಮೊ. ಕೋಡ್ ಎಲ್ಲಾ ಅದರೊಳಗೇ. "ಫಾರ್ಮ್ಯಾಟ್ ಮಾಡ್ಬಿಡು" ಅಂದ ರೂಮ್‌ಮೇಟ್. ನಮ್ಮಲ್ಲಿ ಎಲ್ಲಾ ಕಾಯಿಲೆಗೂ ಅದೇ ಕಷಾಯ!

ನಾನು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡಿ ಲಾಗಿನ್ ಕೇಳಿತು. ಹೋದ ಜೀವ ಬಂದ ಹಾಗಾಯ್ತು. ಒಳಗೆ ಹೋಗಿ 'ಜರ್ನಲ್‌ಸಿಟಿಎಲ್ ಮೈನಸ್ ಬಿ' ಅಂತ ಕೊಟ್ಟೆ. ಆ ಬೂಟ್‌ನ ಪೂರ್ತಿ ಕಥೆ ಅಲ್ಲಿತ್ತು: ಹೊಸ ಕರ್ನಲ್‌ಗೆ ಡ್ರೈವರ್ ಮಾಡ್ಯೂಲ್ ಸಿಕ್ಕಿಲ್ಲ. ಕರ್ನಲ್ ಜೊತೆಗೇ ಬರೋ ಓಪನ್ ಡ್ರೈವರ್‌ಗಳಿಗೆ ಈ ಕಾಟವಿಲ್ಲ. ಕಾರ್ಡ್ ಕಂಪನಿ ಬೇರೆಯಾಗಿ ಕೊಡೋ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಹೊಂದಿಕೊಳ್ಳಬೇಕು. ಬಿಲ್ಡ್ ತಪ್ಪಿದರೆ ಕತ್ತಲೆ.

ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿದೆ. ಡೆಸ್ಕ್‌ಟಾಪ್ ಬಂತು, ಕೋಡ್ ಹಾಗೇ ಇತ್ತು. ರಿಪೇರಿಯನ್ನ ಶನಿವಾರಕ್ಕೆ ತಳ್ಳಿದೆ.

ಲಿನಕ್ಸ್ ಕೆಡುತ್ತೆ, ನಿಜ. ಆದರೆ ಯಾಕೆ ಕೆಟ್ಟೆ ಅಂತ ಬರೆದಿಟ್ಟು ಕೆಡುತ್ತೆ. ನಮ್ಮ ಆಫೀಸಲ್ಲಿ ಎಷ್ಟು ಜನರ ಬಗ್ಗೆ ಈ ಮಾತು ಹೇಳಬಹುದು?