ಜಪಾನು, ವಯಾ ಕುಕನೂರು

ನಮ್ಮ ಓಣಿಯ ಮೂಲೆಮನೆಯ ದಂಪತಿಗಳು ಜಪಾನ್ ನೋಡಿಕೊಂಡು ಬಂದಾಗಿನಿಂದ ಕೊಪ್ಪಳದಲ್ಲಿ ನನ್ನ ಗೃಹಸ್ಥಾಶ್ರಮಕ್ಕೆ ಸಣ್ಣ ಪ್ರಮಾಣದ ಭೂಕಂಪನ ಶುರುವಾಗಿದೆ. ಟೋಕಿಯೊ, ಕ್ಯೋಟೊ, ನಾರಾ, ಒಸಾಕಾ ಎಂದು ಒಂದೊಂದೂರಿನ ಫೋಟೊವನ್ನು ಆ ಪುಣ್ಯಾತ್ಮರು ಮೊಬೈಲಿನಲ್ಲಿ ಬೆರಳಿಂದ ಸರಿಸುತ್ತ, ಚಹಾ ಆರುವ ತನಕ, ಆರಿದ ಚಹಾದ ಮೇಲೆ ಕೆನೆ ಕಟ್ಟುವ ತನಕ ತೋರಿಸಿದರು. ಬುಲೆಟ್ ರೈಲು ಅಲ್ಲಿ 1964ರಿಂದಲೇ ಓಡುತ್ತಿದೆ ಎಂದರು. ಜಿಂಕೆಗಳು ಬಿಸ್ಕೀಟು ಬೇಕಾದರೆ ತಲೆಬಾಗಿ ನಮಸ್ಕಾರ ಮಾಡುತ್ತವೆ ಎಂದರು. ಕೊನೆಗೆ ಕೈಕಾಲಿಲ್ಲದ, ಗುಂಡು ತಲೆಯ ಒಂದು ಕಟ್ಟಿಗೆಯ ಗೊಂಬೆಯನ್ನು ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಅದರ ಹೆಸರು ಕೊಕೇಶಿಯಂತೆ.

ಗೊಂಬೆ ಅಂದಕೂಡಲೇ ನನ್ನ ಮನಸ್ಸು ಅಲ್ಲಿಂದ ಎದ್ದು ಗವಿಮಠದ ಜಾತ್ರೆಗೆ ಹೋಯಿತು. ಪುಷ್ಯಮಾಸದ ಚಳಿಯಲ್ಲಿ ಅಜ್ಜನ ಧೋತರದ ಚುಂಗು ಹಿಡಿದು ತೇರು ನೋಡಲು ಹೋಗಿದ್ದ ನಾನು, ತೇರಿಗೆ ಬೆನ್ನು ಹಾಕಿ ಕಿನ್ನಾಳದ ಗೊಂಬೆಗಳ ಮುಂದೆ ನಿಂತುಬಿಟ್ಟಿದ್ದೆ. ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಕಣ್ಣು ಕುಕ್ಕುವ ಬಣ್ಣ ಹಚ್ಚಿದ ಗರುಡ, ಗಿಳಿ, ಗೌರಿ. ಅಜ್ಜ ಉತ್ತತ್ತಿ ಎಸೆದು ತೇರಿಗೆ ಕೈಮುಗಿದು, ಆಮೇಲೆ ಬಹಳ ಹೊತ್ತು ಚೌಕಾಶಿ ಮಾಡಿ ಗಿಳಿಯೊಂದನ್ನು ಕೊಡಿಸಿದ. ಅದು ಎರಡು ಕಾಲಿನ ಮೇಲೆ ನಿಂತಿತ್ತು, ಮೂಗೂ ಇತ್ತು. ಕೊಕೇಶಿಗಿಂತ ಅಂಗಾಂಗಗಳಲ್ಲಿ ಎಷ್ಟೋ ಶ್ರೀಮಂತ. ಇದನ್ನೆಲ್ಲ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮಾಕಿ ನನ್ನ ಕಾಲು ತುಳಿದಳು.

ರಾತ್ರಿ ರೊಟ್ಟಿ ಬಡಿಯುತ್ತ ಆಕೆ, "ಲಗ್ನಾದ ಮ್ಯಾಲ ಹುಲಿಗಿ ಬಿಟ್ರ ನಾವು ಎಲ್ಲಿಗೆ ಹೋಗೀವಿ, ಹೇಳ್ರಿ?" ಎಂದಳು. ಪ್ರತಿ ಪ್ರಶ್ನಾರ್ಥಕ ಚಿಹ್ನೆಗೂ ರೊಟ್ಟಿಗೆ ಒಂದು ಏಟು ಜಾಸ್ತಿ ಬೀಳುತ್ತಿತ್ತು. ನಿವೃತ್ತ ಗುಮಾಸ್ತನ ಪಿಂಚಣಿ ಟೋಕಿಯೊದ ವಿಮಾನ ನಿಲ್ದಾಣದಲ್ಲಿ ಚಹಾಕ್ಕೂ ಸಾಲದು. ಆದರೆ ಕಡತಗಳ ನಡುವೆ ಬದುಕಿದವನಿಗೆ ಸಮಾನಾಂತರ ಮಂಜೂರಾತಿ ಎಂಬ ವಿದ್ಯೆ ಗೊತ್ತಿರುತ್ತದೆ. "ಅಲ್ಲಿ ಇರೂದೆಲ್ಲ ನಮ್ಮ ಜಿಲ್ಲಾದಾಗೂ ಐತಿ. ನಾಳಿಂದನ ಹೊರಡೂಣು" ಎಂದುಬಿಟ್ಟೆ.

ಟೋಕಿಯೊಕ್ಕೆ ಬದಲು ಕೊಪ್ಪಳ, ಇದರಲ್ಲಿ ವಿವಾದವಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ನಾವೂ ರಾಜಧಾನಿಯ ನಿವಾಸಿಗಳೇ. ಅಷ್ಟೇಕೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿರುವ ಊರುಗಳನ್ನು ಹೆಸರಿಸುವಾಗ ಕೊಪಣನಗರವನ್ನು ಬಿಟ್ಟಿಲ್ಲ. ಈ ಸಂಗತಿಯನ್ನು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ನೆನೆದಾಗೆಲ್ಲ ನನಗೆ ರೋಮಾಂಚನವೂ ಅನುಮಾನವೂ ಒಟ್ಟಿಗೆ ಆಗುತ್ತವೆ. ಗವಿಮಠದ ಗುಡ್ಡ ಹತ್ತಿ ಅಶೋಕನ ಶಾಸನದ ಬಂಡೆಯ ಮುಂದೆ ಏದುಸಿರು ಬಿಡುತ್ತ ಕೂತೆವು. ಬುದ್ಧನ ಧರ್ಮ ಜಪಾನಿಗೆ ಹೋದದ್ದು ಕ್ರಿಸ್ತಶಕ ಆರನೆಯ ಶತಮಾನದಲ್ಲಿ, ನಮ್ಮ ಈ ಬಂಡೆಗೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಬಂದಿತ್ತು ಎಂದು ನಾನು ಉಪನ್ಯಾಸ ಶುರುಮಾಡಿದೆ. ಆ ಶಾಸನದಲ್ಲಿ ನನಗೆ ಬಹಳ ಹಿಡಿಸಿದ ಮಾತೆಂದರೆ, ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಲ ಒಂದು ವರ್ಷ ತಾನು ಅಷ್ಟೇನೂ ಶ್ರಮಪಡಲಿಲ್ಲ ಎಂದು ದೇವಾನಾಂಪ್ರಿಯನು ಕಲ್ಲಿನಲ್ಲಿ ಕೊರೆಸಿರುವುದು. ಸಾಮ್ರಾಟನೇ ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಮೇಲೆ ಅಟ್ಟ ಸ್ವಚ್ಛ ಮಾಡಲು ನಾನು ಎರಡು ದೀಪಾವಳಿ ಹಿಡಿದರೆ ಅದನ್ನೇಕೆ ಎತ್ತಿ ಆಡಬೇಕು? ನಮ್ಮಾಕಿ ಶಾಸನವನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿ, "ಅಂವ ಆಮ್ಯಾಲರೆ ಮಾಡಿದ" ಎಂದಳು.

ಕ್ಯೋಟೊಕ್ಕೆ ಬದಲು ಕುಕನೂರು ಮತ್ತು ಇಟಗಿ. ಕ್ಯೋಟೊ ರಾಜಧಾನಿಯಾದದ್ದು 794ರಲ್ಲಿ; ಆಗ ಈ ಸೀಮೆಯನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ಕುಕನೂರಿನ ಒಂಬತ್ತು ಗರ್ಭಗುಡಿಗಳ ನವಲಿಂಗ ದೇವಾಲಯ ಅವರ ಕಾಲದ್ದೇ. ಇಟಗಿಯದು ಕಲ್ಯಾಣದ ಚಾಲುಕ್ಯರ ವೈಭವ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಳಪದ ಕಲ್ಲಿನ ಕಂಬಗಳು ಇವತ್ತಿಗೂ ಎಣ್ಣೆ ಹಚ್ಚಿದ ಒನಕೆಯ ಹಾಗೆ ಮಿಂಚುತ್ತವೆ. ನಾನು ಕಂಬದಲ್ಲಿ ನನ್ನ ಬೋಳು ತಲೆಯ ಪ್ರತಿಬಿಂಬ ಹುಡುಕುತ್ತಿದ್ದಾಗ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಯಾವ ಇಲಾಖೆರೀ ಸಾಹೇಬ್ರ?" ಎಂದರು.

"ಯಾವ ಇಲಾಖೆನೂ ಅಲ್ರೀ ಯಜಮಾನ್ರ, ಸುಮ್ನ ನೋಡಾಕ ಬಂದೀವಿ."

"ಎಲ್ಲಿಂದ್ರೀ?"

"ಕೊಪ್ಪಳದಿಂದ."

"ಕೊಪ್ಪಳದಿಂದ? ಸುಮ್ನ?" ಎಂದು ಅವರು ಪಕ್ಕದವರನ್ನೂ ಎಬ್ಬಿಸಿ ನಮ್ಮನ್ನು ತೋರಿಸಿದರು. ಪರದೇಶದವರು ಬಂದರೆ ಅವರಿಗೆ ಆಶ್ಚರ್ಯವಿಲ್ಲ, ಬೆಂಗಳೂರಿನವರು ಕ್ಯಾಮೆರಾ ಹೊತ್ತು ಬಂದರೂ ಇಲ್ಲ. ಮಗ್ಗುಲ ತಾಲೂಕಿನ ಗಂಡಹೆಂಡತಿ ಬಸ್ಸಿಗೆ ರೊಕ್ಕ ಕೊಟ್ಟು ಬರೇ ಕಲ್ಲು ನೋಡಲು ಬರುವುದೆಂದರೆ ಹಿಂದೆ ಸರ್ವೆಯೋ ತನಿಖೆಯೋ ಏನೋ ಇರಬೇಕು. ಈ ನಡುವೆ ನಮ್ಮಾಕಿ ಬೇರೆ ತನಿಖೆ ನಡೆಸಿದ್ದಳು. ದಂಡನಾಯಕ ತಂದೆತಾಯಿಯ ನೆನಪಿಗೂ ಗುಡಿಗಳನ್ನು ಕಟ್ಟಿಸಿದ್ದನೆಂದು ನಾನು ವಿವರಿಸಿದೆ. "ಹೇಣ್ತಿ ಹೆಸರಿಲೆ?" ಎಂದಳು. ಶಾಸನ ಬಹಳ ಉದ್ದದ್ದು, ಹಳಗನ್ನಡ, ಬಿಸಿಲೂ ಏರಿತ್ತು. ಬಸ್ಸಿನ ಹೊತ್ತಾಯಿತೆಂದು ಹೊರಡಿಸಿದೆ.

ಬುಲೆಟ್ ರೈಲಿನ ಅಂಶವೂ ಪ್ರವಾಸಪಟ್ಟಿಯಲ್ಲಿತ್ತು. ಗದಗ–ವಾಡಿ ಮಾರ್ಗದಲ್ಲಿ ತಳಕಲ್ಲಿನಿಂದ ಕುಷ್ಟಗಿಯವರೆಗೆ ರೈಲು ಓಡಾಡತೊಡಗಿದ್ದು 2025ರ ಮೇ ತಿಂಗಳಲ್ಲಿ. ಆ ಗಾಡಿಯಲ್ಲಿ ಕಿಟಕಿ ಪಕ್ಕ ಕೂತವರ ಮುಖ ನೋಡಬೇಕು: ದಿನಾ ಎತ್ತು ಹೂಡುವ ಅದೇ ಎರೆಹೊಲ, ಅದೇ ಜಾಲಿಕಂಟಿ, ಆದರೆ ರೈಲಿನಿಂದ ಕಾಣುವಾಗ ಎಲ್ಲರೂ ಬೆರಳು ಮಾಡಿ ತೋರಿಸುತ್ತಾರೆ. ಯಲಬುರ್ಗಾ ದಾಟುವಾಗ ಇಲ್ಲಿ ಸಿಂದರು ಆಳಿದ್ದರೆಂದು ಹೇಳಿದೆ; ಎದುರಿನ ಸೀಟಿನವರು ಮಂಡಕ್ಕಿ ಕೊಟ್ಟಿದ್ದರಿಂದ ಸಿಂದರ ವಿಷಯ ಅಲ್ಲಿಗೇ ನಿಂತಿತು. ಕುಷ್ಟಗಿಯಿಂದ ಪುರದ ಸೋಮೇಶ್ವರನ ಗುಡಿಗೆ ಹೋದೆವು. ಕ್ಯೋಟೊದ ರ್ಯೋಆನ್‌ಜಿ ತೋಟದಲ್ಲಿ 15 ಕಲ್ಲುಗಳಿದ್ದು, ಎಲ್ಲಿ ಕೂತು ನೋಡಿದರೂ ಒಂದು ಮರೆಯಾಗಿರುತ್ತದೆಂದು ಮೂಲೆಮನೆಯವರು ಧ್ಯಾನಸ್ಥರಾಗಿ ಹೇಳಿದ್ದರಲ್ಲ, ಪುರದಲ್ಲಿ ಸಾಲುಸಾಲು ಲಿಂಗಗಳು, ಹೆಸರೇ ಕೋಟಿಲಿಂಗ. ನಮ್ಮಾಕಿ ಎಣಿಸಲು ಹೊರಟಳು. ನಡುವೆ ಯಾರೋ ಕುಂಕುಮ ಕೊಟ್ಟರು, ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ.

ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಸುಧಾರಿಸಿಕೊಂಡ ಮೇಲೆ ಗಂಗಾವತಿ. ಒಸಾಕಾ ಹಳೆಯ ಕಾಲದಿಂದ ಅಕ್ಕಿ ವ್ಯಾಪಾರದ ಊರು. ಅಲ್ಲಿನ ಡೋಜಿಮಾ ಅಕ್ಕಿಪೇಟೆಗೆ 1730ರಲ್ಲೇ ಸರ್ಕಾರದ ಮುದ್ರೆ ಬಿದ್ದಿತ್ತು. ನಮಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಗದ್ದೆಗಳಾದವು, ಗದ್ದೆಯಿಂದ ಮಿಲ್ಲುಗಳಾದವು, ಈಗ ಗಾಳಿಯಲ್ಲೂ ತೌಡಿನ ವಾಸನೆ. ನಾರಾಕ್ಕೆ ಬದಲು ಅಂಜನಾದ್ರಿಯನ್ನು ಇಲ್ಲಿಗೇ ಜೋಡಿಸಿದ್ದೆ. 575 ಮೆಟ್ಟಿಲು. ನಾರಾದ ಜಿಂಕೆ ಬಾಗಿ ಬೇಡುತ್ತದೆ. ಕಿಷ್ಕಿಂಧೆಯ ಕಪಿಕುಲಕ್ಕೆ ಯಾಚನಾವೃತ್ತಿ ವರ್ಜ್ಯ. ಒಂದು ಮಹಾನುಭಾವ ನನ್ನ ಕೈಯ ತೆಂಗಿನಹೋಳನ್ನು ಬಿಡಿಸಿಕೊಂಡು, ನನ್ನೆದುರೇ ಕೂತು, ನಿಧಾನಕ್ಕೆ ತಿಂದ. ಮೇಲಿನಿಂದ ತುಂಗಭದ್ರೆ, ಬಂಡೆ, ಬಾಳೆತೋಟ, ಹಸಿರು ಗದ್ದೆ ನೋಡುತ್ತ ನಮ್ಮಾಕಿ ಬಹಳ ಹೊತ್ತು ಕೂತಳು. ನಾನೂ ಕೂತೆ, ಏಳಲು ಬರುತ್ತಿರಲಿಲ್ಲ.

ಇಳಿದ ಮೇಲೆ ಮುಂದೆ ಎಲ್ಲಿಗೆಂಬ ತಕರಾರು. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ನಮ್ಮ ಕಡೆ ಗಾದೆ. ನನ್ನ ಕಾಲುಗಳು ಅದಾಗಲೇ ಸೇವೆಯಿಂದ ಸ್ವಯಂನಿವೃತ್ತಿ ಪಡೆದಿದ್ದವು, ಕಣ್ಣಿಗೆ ಮಾತ್ರ ಪೊರೆ ತೆಗೆಸಿ ಹೊಸದು ಮಾಡಿಸಿದ್ದೆ. ಆದ್ದರಿಂದ ಶಾಸ್ತ್ರಪ್ರಕಾರ ಕನಕಗಿರಿಯೇ ಎಂದು ವಾದಿಸಿದೆ. ಆಕೆ ತನ್ನ ಗಟ್ಟಿ ಕಾಲುಗಳ ಪರವಾಗಿ ಹಂಪೆ ಎಂದಳು. ವಾದ ನಡೆದಿರುವಾಗಲೇ ಗಂಗಾವತಿ ನಿಲ್ದಾಣಕ್ಕೆ ಕನಕಗಿರಿ ಬಸ್ಸು ನುಗ್ಗಿತು, ಜನ ಬಾಗಿಲಿಗೆ ಮುತ್ತಿದರು. ಮುಂದಿನದಕ್ಕೆ ಹೋಗೋಣವೆಂದು ನಾನು ಹೇಳಿ ಮುಗಿಸುವುದರೊಳಗೆ ನಮ್ಮಾಕಿ ಹಂಪೆಯನ್ನು ಮರೆತು, ಕಿಟಕಿಯೊಳಗೆ ಕೈಚೀಲ ಒಗೆದು ಎರಡು ಸೀಟು ಹಿಡಿದಾಗಿತ್ತು.