ಫೋನು ಕನ್ನಡ ಕಲಿಯಿತು, ಫೈಲು ಕಲಿಯಲಿಲ್ಲ

ನಮ್ಮ ಕುದೂರಿಗೆ ಬಂದ ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸುದ್ದಿ ತೆರೆದರೆ ಬರೀ ಚೌಕಗಳು. ಒಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿದರೆ ಅದು ಅಕ್ಷರಗಳನ್ನು ಚಿತ್ರ ಮಾಡಿ ತೋರಿಸುತ್ತಿತ್ತು. ನಾವೆಲ್ಲ ಹಾಗೇ ಓದಿದೆವು. 2012ರ ಆಂಡ್ರಾಯ್ಡ್ 4.1ರಿಂದ ಫೋನಿಗೇ ಕನ್ನಡ ಬಂತು.

ಆದರೂ ಕಂಪ್ಯೂಟರಿನಲ್ಲಿ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪಾದ ಫೈಲು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಫಾಂಟು ಇಲ್ಲದಿದ್ದರೆ ಇಂಗ್ಲಿಷೇ ಉಳಿಯುತ್ತದೆ. ಯುನಿಕೋಡಿನಲ್ಲಿ ‘ಕ’ ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ; ಕನ್ನಡ ಬಲ್ಲ ಯಾವ ಫೋನಿನಲ್ಲೂ ಅದು ‘ಕ’ ಆಗಿಯೇ ಕಾಣುತ್ತದೆ.

ವರದಿಯಾದರೆ ನಾವು ಫೋನಿನಲ್ಲೇ ಯುನಿಕೋಡಿನಲ್ಲಿ ಬರೆದು ಕಳಿಸುತ್ತೇವೆ. ಗ್ರಾಮಸಭೆಯ ನೋಟಿಸು ಹಳೆಯ ಫಾಂಟಿನಲ್ಲಿ ವಾಟ್ಸ್ಯಾಪಿಗೆ ಬಂದರೆ ಏನು ಮಾಡುವುದು? ಓದು ಬಲ್ಲವರಿಗೂ ಸಭೆಯ ದಿನ ತಿಳಿಯದು. ಮನೆಯ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳುವ ಅವಕಾಶವೂ ತಪ್ಪೀತು. ಅದನ್ನೇ ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಕಾಣುತ್ತದೆ, ಆದರೆ ಅದರೊಳಗೆ ನಿಮ್ಮ ಹೆಸರು ಹುಡುಕಲಾಗದು. ಕಣ್ಣು ಮಂಜಾದ ಅಜ್ಜಿಗೆ ಫೋನು ಓದಿ ಹೇಳುವುದೂ ಇಲ್ಲ.

ಹಾಗಾಗಿ ಅಂಥ ಫೈಲು ಬಂದರೆ ಸುಮ್ಮನೆ ಡಿಲೀಟ್ ಮಾಡಬೇಡಿ. “ಯುನಿಕೋಡಿನಲ್ಲಿ ಕಳಿಸಿ ಸಾರ್” ಎಂದು ಕೇಳಿ.