ಬೀಗ ಹಾಕಿದ ಮನೆಯ ನೀರು

ಉಮ್ಮನ ಆಪರೇಷನ್ನಿಗೆಂದು ಊರಿಗೆ ಹೋದ ನಾವು, ಚಳಿಗಾಲ ಕಳೆದ ಮೇಲೆ ಅವರನ್ನೂ ಕರೆದುಕೊಂಡು ಹೊಸೂರಿನ ಮನೆಗೆ ಮರಳಿದೆವು. ಚಹಾ ಇಡಲು ನಲ್ಲಿ ತಿರುಗಿಸಿದರೆ ಪಾಚಿಯ ವಾಸನೆ.

“ಕುದಿಸಿದರೆ ಸಾಕು ಮೋನೇ” ಎಂದರು ಉಮ್ಮ.

ಮನಸ್ಸು ಒಪ್ಪಲಿಲ್ಲ. ಆ ದಿನ ಪಕ್ಕದ ಮನೆಯಿಂದ ನೀರು ತಂದೆ. ಮರುದಿನ ಟ್ಯಾಂಕ್ ಖಾಲಿ ಮಾಡಿ, ಕೆಸರು ಉಜ್ಜಿ ತೆಗೆದು, ಬ್ಲೀಚಿಂಗ್ ಪೌಡರಿನ ತಿಳಿ ಬೆರೆಸಿ ತುಂಬಿಸಿದೆ. ಎಲ್ಲ ನಲ್ಲಿಗಳಲ್ಲೂ ಅದರ ವಾಸನೆ ಬಂದ ಮೇಲೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚೆಲ್ಲಿ, ಮತ್ತೆ ತುಂಬಿಸಿದೆ.

ಆದರೂ ಅದು ಬೋರ್‌ವೆಲ್ ನೀರು. ಕೃಷ್ಣಗಿರಿ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೂ ಬ್ಲೀಚಿಂಗ್ ಹಾಕಿದರೂ ಅದು ಹೋಗದು. ಹೊಗೇನಕಲ್ ಕಾವೇರಿ ನೀರಿನ ಯೋಜನೆ ಬಂದದ್ದೇ ಅದಕ್ಕಾಗಿ. ಕುಡಿಯಲು ಆ ನೀರನ್ನೇ ಹಿಡಿದಿಡುತ್ತೇವೆ.

“ಊರಿನ ಬಾವಿಗೆ ಇಷ್ಟೆಲ್ಲ ಬೇಡ” ಎಂದು ಉಮ್ಮ ನಕ್ಕರು. ಬೇಸಿಗೆಯಲ್ಲಿ ಬಾವಿಗಿಳಿದು ಕೆಸರೆತ್ತುತ್ತಿದ್ದುದನ್ನು ನೆನಪಿಸಿದೆ.

ಈಗ ಬೀಗ ಹಾಕುವ ಮೊದಲೇ ಟ್ಯಾಂಕ್ ಖಾಲಿ ಮಾಡುತ್ತೇವೆ. ನೆನಪಿಸುವವರು ಉಮ್ಮನೇ.